ಗಿರಿ ಹತ್ತುವುದು ಎಂದರೆ ಕಾರು ಹತ್ತಿಸುವುದಾ?

ಮಾನ್ಯ ಸಂಪಾದಕರೇ,

ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಪ್ರವಾಸಿಗರ ಪರದಾಟ’ ಎಂದು ಬರೆದಿದ್ದೀರಿ. ಪರದಾಡಿದ್ದು ಪ್ರವಾಸಿಗರು ಮಾತ್ರ ಅಲ್ಲ. ಆ ಸಾಲಿನಲ್ಲಿ ನಾನೂ ನನ್ನ ಮಗಳೂ ಇದ್ದೆವು. ನಾವು ಇದೇ ಊರಿನವರು.

ಮಗಳಿಗೆ ಹನ್ನೆರಡು ವರ್ಷ. ಮುಳ್ಳಯ್ಯನಗಿರಿಯನ್ನು ಒಮ್ಮೆಯಾದರೂ ನಡೆದು ಹತ್ತಬೇಕು ಎಂದು ವರ್ಷದಿಂದ ಕೇಳುತ್ತಿದ್ದಳು. ಬೆಳಗ್ಗೆ ಬೇಗ ಹೊರಟು, ಕಮಾನಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಸರ್ಪದಾರಿ ಅನ್ನುವ ಕಾಲುದಾರಿಯಲ್ಲಿ ಹತ್ತಿದೆವು. ಹುಲ್ಲು ಅವಳ ಸೊಂಟದವರೆಗೆ ಬರುತ್ತಿತ್ತು. ಮಂಜು ಸರಿದಾಗಲೆಲ್ಲ ನಿಂತು ನೋಡುತ್ತಿದ್ದಳು. ಎಲ್ಲೂ ‘ಸಾಕು’ ಅನ್ನಲಿಲ್ಲ. ಅಷ್ಟು ಖುಷಿಯಿಂದ ಹತ್ತಿದ ಹುಡುಗಿ ಮೇಲೆ ಹೋಗಿ ನೋಡಿದ್ದೇನು? ಗದ್ದುಗೆ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಯಾರದೋ ಸ್ಪೀಕರಿನಲ್ಲಿ ಹಾಡು ಬೇರೆ. ‘ಅಪ್ಪಾ, ಇವರೆಲ್ಲ ಯಾವ ದಾರಿಯಲ್ಲಿ ಬಂದ್ರು? ನಮ್ಮ ಜೊತೆ ಯಾರೂ ಇರಲಿಲ್ಲವಲ್ಲ’ ಎಂದು ಕೇಳಿದಳು. ಏನು ಹೇಳಲಿ?

ಇಳಿದು ಸ್ಕೂಟರ್ ತೆಗೆದರೆ ರಸ್ತೆಯೇ ಇಲ್ಲ, ಬರೀ ಕಾರುಗಳು. ತಿರುವಿನಲ್ಲಿ ಒಂದು ಕಾರಿನ ಹಿಂದಿನ ಚಕ್ರ ಚರಂಡಿಗೆ ಇಳಿದಿತ್ತು. ನಾಲ್ಕು ಜನ ಚಕ್ರಕ್ಕೆ ಕಲ್ಲು ಕೊಟ್ಟು ತಳ್ಳುತ್ತಿದ್ದರು. ಕ್ಲಚ್ ಸುಟ್ಟ ವಾಸನೆಗೆ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಸ್ಕೂಟರ್ ತೂರಿಸಲೂ ಸಂದಿ ಇರಲಿಲ್ಲ. ಮೂರು ಗಂಟೆ ಅಲ್ಲೇ ನಿಂತೆವು. ಬಾಟಲಿಯ ನೀರು ಮುಗಿಯಿತು. ಹೆಣ್ಣುಮಗು ಹೋಗಬಹುದಾದ ಶೌಚಾಲಯ ಹತ್ತಿರದಲ್ಲಿ ಒಂದೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮನೆಯಲ್ಲಿ ನಮ್ಮ ತಂದೆಗೆ ಮಧ್ಯಾಹ್ನ ಒಂದು ಗಂಟೆಗೆ ಊಟ, ಮಾತ್ರೆ ಕೊಡಬೇಕು. ಅವರು ನಾಲ್ಕರವರೆಗೆ ಹಸಿದುಕೊಂಡೇ ಬಾಗಿಲು ನೋಡುತ್ತಾ ಕೂತಿದ್ದರು. ಅಲ್ಲಿದ್ದ ಸಿಬ್ಬಂದಿಯೊಬ್ಬರನ್ನು ಕೇಳಿದರೆ, ‘ರಜಾ ದಿನ ಯಾಕ್ರೀ ಬರ್ತೀರಾ’ ಅಂದರು. ನಮ್ಮ ಊರಿನ ಬೆಟ್ಟಕ್ಕೆ ನಾವು ಬರಲು ಇವರ ಅಪ್ಪಣೆ ಬೇಕಾ?

2025ರ ಸೆಪ್ಟೆಂಬರಿನಿಂದ ಆನ್‌ಲೈನ್ ನೋಂದಣಿ ಬಂತಲ್ವಾ, ಬೆಳಗ್ಗೆ 600 ವಾಹನ, ಮಧ್ಯಾಹ್ನ 600 ವಾಹನ ಎಂದು? ಒಂದು ವಾಹನಕ್ಕೆ ನಾಲ್ಕು ಜನ ಅಂದುಕೊಂಡರೂ ಒಂದೇ ಹೊತ್ತಿಗೆ 2,400 ಜನ. ಒಂದು ಗುಡಿ, ಒಂದು ಸಾಲು ಮೆಟ್ಟಿಲು, ಎರಡು ಕಾರು ಎದುರುಬದುರಾದರೆ ಉಸಿರು ಬಿಗಿಹಿಡಿಯಬೇಕಾದ ರಸ್ತೆ. ಇಷ್ಟರಲ್ಲಿ ಅಷ್ಟು ಜನ ಎಲ್ಲಿ ಹಿಡಿಯುತ್ತಾರೆ? ಅದೇ ಕುದುರೆಮುಖಕ್ಕೆ ನಡೆದು ಹೋಗುವವರಿಗೆ ದಿನಕ್ಕೆ 300 ಜನ ಎಂಬ ಮಿತಿ ಇದೆ. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಜನ ಮುಗಿಬಿದ್ದಾಗ ಚಾರಣವನ್ನೇ ನಿಲ್ಲಿಸಿದರು. ಒಳ್ಳೆಯದೇ ಆಯಿತು. ಆದರೆ ಬೆವರು ಸುರಿಸಿ ಹತ್ತುವವರಿಗೆ ಮಾತ್ರ ಇಷ್ಟು ಬಿಗಿ ಯಾಕೆ? 1,930 ಮೀಟರ್ ಎತ್ತರದ, ರಾಜ್ಯದಲ್ಲೇ ದೊಡ್ಡ ಶಿಖರಕ್ಕೆ ಕಾರಿನಲ್ಲಿ ಬರುವವರಿಗೆ ಯಾಕೆ ಇಷ್ಟು ಸಡಿಲ?

2022ರಲ್ಲಿ ಕುರಿಂಜಿ ಅರಳಿದಾಗಲೂ ಇದೇ ಕತೆ. ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಹೂವನ್ನು ಗೊಂಚಲು ಗೊಂಚಲು ಕಿತ್ತು ಫೋಟೊ ತೆಗೆಸಿಕೊಂಡರು. ಕೇಳುವವರೇ ಇರಲಿಲ್ಲ. ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಈ ಶೋಲಾ ಕಾಡು, ಸುತ್ತಲಿನ ಹುಲ್ಲುಗಾವಲು ಮಳೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಸಿಗೆಯಲ್ಲೂ ಹಳ್ಳಗಳು ಹರಿಯುತ್ತವೆ. ಅದರ ಮೇಲೆ ಚಕ್ರ ಹತ್ತಿಸಿ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ರಸ್ತೆ ಬದಿ ಕುಸಿದಾಗ ಮರಳು ಮೂಟೆ ಪೇರಿಸಿ ಹೋದವರು ಆಮೇಲೆ ತಿರುಗಿ ನೋಡಿಲ್ಲ. ಮೂಟೆ ಹರಿದು ಅದರಲ್ಲಿ ಗಿಡ ಹುಟ್ಟಿದೆ. ನಮ್ಮ ಬೀದಿಯ ದೀಪಕ್ಕೆ ನಾನು ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ಸೀಲು ಒತ್ತಿ ಕೊಟ್ಟರು, ದೀಪ ಹಾಕಲಿಲ್ಲ. ಬೀದಿ ದೀಪ ಹಾಕಲಾಗದವರು ಬೆಟ್ಟ ಕಾಯುತ್ತಾರಾ?

ಸಂಬಂಧಪಟ್ಟವರು ಒಂದು ಭಾನುವಾರ ಸುಮ್ನೆ ಬಂದು ಆ ತಿರುವಿನಲ್ಲಿ ನಿಲ್ಲಲಿ. ಜೀಪಿಗೆ ದಾರಿ ಬಿಡಿಸಿಕೊಂಡು ಬರುವುದು ಬೇಡ, ನಮ್ಮ ಹಾಗೆ ಸಾಲಿನಲ್ಲಿ ನಿಲ್ಲಲಿ. ಖಾಸಗಿ ಕಾರುಗಳನ್ನು ಬೆಟ್ಟದ ಕೆಳಗಿನ ಕೈಮರ ಚೆಕ್‌ಪೋಸ್ಟಿನಲ್ಲೇ ತಡೆಯಿರಿ. ಆಗದಿದ್ದರೆ ಸಂಖ್ಯೆಯನ್ನಾದರೂ ಇಳಿಸಿ. ಶೌಚಾಲಯ ಕಟ್ಟಿಸಿ. ಅದೂ ಆಗದಿದ್ದರೆ ಒಂದಷ್ಟು ವರ್ಷ ಗಿರಿಯನ್ನೇ ಮುಚ್ಚಿಬಿಡಿ, ನಾವೂ ಹೋಗುವುದಿಲ್ಲ. ಏನಾದರೂ ಒಂದು ಮಾಡಿ. ನನ್ನ ಮಗಳು ಇನ್ನು ಗಿರಿ ಬೇಡ ಅಂತಿದ್ದಾಳೆ.

– ಒಬ್ಬ ಓದುಗ, ಚಿಕ್ಕಮಗಳೂರು