ಸ್ವಯಂಸೇವೆ: ಕಲ್ಲು ಹೊರಬಹುದು, ಗೋಡೆ ಕಟ್ಟಲಾಗದು

ಮಾನ್ಯರೇ,

ಹೊರದೇಶಗಳಿಗೆ ಸ್ವಯಂಸೇವೆಗೆಂದು ಹೊರಡುವ ನಮ್ಮ ಯುವಜನರು ಅಲ್ಲಿನ ಕೆಲಸ ಎಂಥದೆಂದು ಮೊದಲೇ ಅರಿತಿರಲಿ ಎಂದು ಈ ಪತ್ರ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು ಒಂಬತ್ತು ಸಾವಿರ ಜನ ಮೃತಪಟ್ಟ ನಂತರ, ಸಿಂಧುಪಾಲ್ಚೋಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಅವಶೇಷ ತೆರವುಗೊಳಿಸಿದ ತಂಡದಲ್ಲಿ ನಾನೂ ಇದ್ದೆ.

ಅಲ್ಲಿನ ಮನೆಗಳು ಬಹುಪಾಲು ಮಣ್ಣಿನ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದವು. ಮತ್ತೆ ಬಳಸಬಹುದಾದ ಕಲ್ಲನ್ನು ಒಂದೆಡೆ, ತೊಲೆ ಮತ್ತು ಬಾಗಿಲ ಚೌಕಟ್ಟುಗಳನ್ನು ಇನ್ನೊಂದೆಡೆ ಒಟ್ಟಿ, ಉಳಿದ ಮಣ್ಣನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿ ಹೊರಬೇಕಿತ್ತು. ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಇಳಿಜಾರಿನಲ್ಲಿ ಸರಾಗವಾಗಿ ಇಳಿಯುತ್ತಿದ್ದ ಆ ಊರಿನ ಹೆಂಗಸರ ಅರ್ಧ ಹೊರೆಯೂ ನಮ್ಮಿಂದಾಗಲಿಲ್ಲ. ಆದರೂ ಸಾಲಾಗಿ ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸುವಲ್ಲಿ (ಮೂಗಿಗೆ ಬಟ್ಟೆ ಕಟ್ಟಿದರೂ ದೂಳು ಬಿಡದು) ನಮ್ಮಿಂದ ಪ್ರಯೋಜನವಾಯಿತೆಂದೇ ನನ್ನ ಎಣಿಕೆ.

ಗೋಡೆ ಕಟ್ಟುವ ಮಾತು ಬೇರೆ. ಮೂಲೆಗಲ್ಲು ಹೆಣೆಯುವುದು, ಗೋಡೆಯ ದಪ್ಪಕ್ಕೆ ಅಡ್ಡಲಾಗಿ ಉದ್ದಗಲ್ಲು ಕೂರಿಸುವುದು ತರಬೇತಾದ ಗಾರೆಯವರ ಕೆಲಸ. ನೇಪಾಳ ಸರ್ಕಾರ ಮನೆ ಕಟ್ಟಿಕೊಳ್ಳಲು ನೀಡಿದ ಮೂರು ಲಕ್ಷ ನೇಪಾಳಿ ರೂಪಾಯಿ ಕೂಡ, ಕಟ್ಟಡ ನಿಯಮಾನುಸಾರ ಏಳುತ್ತಿದೆಯೇ ಎಂದು ಪರಿಶೀಲಿಸಿ, ಕಂತುಗಳಲ್ಲಿ ಬಿಡುಗಡೆಯಾಗುತ್ತಿತ್ತು. ಹೀಗಿರುವಾಗ, ಭಾರೀ ಶುಲ್ಕ ಪಡೆದು ಕರಣೆ ಹಿಡಿದೇ ಗೊತ್ತಿಲ್ಲದವರಿಂದ ಶಾಲೆಯ ಗೋಡೆ ಕಟ್ಟಿಸುವ ಸೇವಾ ಪ್ರವಾಸಗಳ ಸಂಘಟಕರು, ಆ ಹಣದಲ್ಲಿ ಎಷ್ಟು ಪಾಲು ಸ್ಥಳೀಯ ಗಾರೆಯವರ ಕೂಲಿಗೆ ಹೋಗುತ್ತದೆಂಬುದನ್ನು ಬಹಿರಂಗಪಡಿಸಲಿ. ಹೊರಡುವವರೂ ಹಣ ಕಟ್ಟುವ ಮುನ್ನ ಅದನ್ನು ಕೇಳಲಿ.

– ಓದುಗ, ಶಿರಸಿ