ಮೋಟೊಜಿಪಿ ರೇಸ್ ನೋಡಲು ಬಾರ್ ಆಯ್ಕೆ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಯುರೋಪಿನ ಮೋಟೊಜಿಪಿ, ಅಂದರೆ ವಿಶ್ವ ಮಟ್ಟದ ಬೈಕ್, ರೇಸ್‌ಗಳು ಬೇಸಿಗೆಯಲ್ಲಿ ಸಾಮಾನ್ಯವಾಗಿ ನಮ್ಮ ಭಾನುವಾರ ಸಂಜೆ 5.30ಕ್ಕೆ ಶುರುವಾಗುತ್ತವೆ, ಎರಡು ಪಂದ್ಯಗಳಿರುವ ಐಪಿಎಲ್ ಭಾನುವಾರಗಳಲ್ಲಿ ಅಷ್ಟು ಹೊತ್ತಿಗೆ 3.30ರ ಪಂದ್ಯ ಮುಗಿದಿರದ ಕಾರಣ, ಬೆಂಗಳೂರಿನ ಬಾರ್‌ಗಳಲ್ಲಿ ದೊಡ್ಡ ಪರದೆ ನಮಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಚರ್ಚ್ ಸ್ಟ್ರೀಟ್ ಅಥವಾ ಇಂದಿರಾನಗರದಲ್ಲಿ ಜಾಗ ಹುಡುಕುವವರು ಶನಿವಾರವೇ ಫೋನ್ ಮಾಡಿ, ಕ್ರೀಡೆ ತೋರಿಸುತ್ತೀರಾ ಎಂದಷ್ಟೇ ಕೇಳದೆ, ರೇಸ್ ಪ್ರಸಾರವಾಗುವ ಚಾನೆಲ್ ಅಥವಾ ಆ್ಯಪ್‌ನ ಚಂದಾ ಇದೆಯೇ, ಒಂದು ಟಿವಿಯನ್ನು ಅದಕ್ಕೆಂದೇ ಬಿಟ್ಟುಕೊಡುವರೇ ಎಂಬುದನ್ನು ಮ್ಯಾನೇಜರ್ ಬಳಿಯೇ ಖಚಿತಪಡಿಸಿಕೊಳ್ಳಬೇಕೆಂದು ಕೋರುತ್ತೇನೆ. ಕಳೆದ ಬಾರಿ ನಾವು ಹೋದ ಕಡೆ ಹುಡುಗ ರಿಮೋಟ್ ಒತ್ತುತ್ತಾ ಚಾನೆಲ್ ಹುಡುಕುವಷ್ಟರಲ್ಲಿ ಮೂರು ಲ್ಯಾಪ್ ಮುಗಿದಿದ್ದವು. ಮುಕ್ಕಾಲು ಗಂಟೆಯ ರೇಸ್‌ನಲ್ಲಿ ಅದು ಸಣ್ಣ ನಷ್ಟವಲ್ಲ. ಬೈಕ್ ಮನೆಯಲ್ಲೇ ಬಿಟ್ಟು ದಯವಿಟ್ಟು ಮೆಟ್ರೊದಲ್ಲಿ ಬನ್ನಿ. ಎರಡೂ ಕಡೆಗೆ ನೇರಳೆ ಮಾರ್ಗದ ನಿಲ್ದಾಣ ಹತ್ತಿರವಿದೆ.