ಸ್ಪೀಕರ್ ಕಿತ್ತು ಟ್ಯೂಬ್ ಆಂಪ್ ಆನ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಗಿಟಾರ್ ಕಲಿಯುವವರಿಗೆಂದು ನಿಮ್ಮ ಪುರವಣಿಯಲ್ಲಿ ಬಂದ ಆಂಪ್ಲಿಫೈಯರ್ ಲೇಖನದ ಎರಡು ಮಾತುಗಳ ಬಗ್ಗೆ ಈ ಪತ್ರ. ಟ್ಯೂಬ್, ಅಂದರೆ ಗಾಜಿನ ನಿರ್ವಾತ ನಳಿಕೆ, ಇರುವ ಆಂಪ್‌ನದೇ ಅಸಲಿ ನಾದ, ಸಾಲಿಡ್ ಸ್ಟೇಟ್ ಅಂದರೆ ಟ್ರಾನ್ಸಿಸ್ಟರ್ ಆಂಪ್ ಏನಿದ್ದರೂ ಕಲಿಯುವವರಿಗೆ ಎಂಬುದು ಮೊದಲನೆಯದು. ಅದು ಅಭಿಪ್ರಾಯ, ಚರ್ಚೆ ಮಾಡಬಹುದು. ರಾತ್ರಿ ಅಭ್ಯಾಸಕ್ಕೆ ಸ್ಪೀಕರ್ ವೈರ್ ಕಿತ್ತಿಟ್ಟು ಲೈನ್ ಔಟ್‌ನಿಂದ (ಬೇರೆ ಉಪಕರಣಕ್ಕೆ ಸಿಗ್ನಲ್ ಕೊಡುವ ಜ್ಯಾಕ್) ಹೆಡ್‌ಫೋನ್‌ಗೆ ಕೊಡಿ ಎಂಬ ಎರಡನೆಯ ಸಲಹೆ ಮಾತ್ರ ಅಪಾಯದ್ದು. ಟ್ಯೂಬ್ ಆಂಪ್ ಇಟ್ಟುಕೊಂಡವರು ಇದನ್ನು ಪಾಲಿಸಿದರೆ ಆಂಪ್ ಸುಟ್ಟುಹೋದೀತು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಟ್ಯೂಬ್ ಆಂಪ್‌ನಲ್ಲಿ ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಟ್ಯೂಬ್‌ಗೂ ಸ್ಪೀಕರ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಓಮ್ ಎಂದರೆ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ. ಟ್ಯೂಬ್ ಕಡೆಯ ಕೆಲವು ಸಾವಿರ ಓಮ್‌ಗೂ ಸ್ಪೀಕರ್ ಕಡೆಯ 4, 8 ಅಥವಾ 16 ಓಮ್‌ಗೂ ಹೊಂದಿಕೆ ಮಾಡುವುದು ಅದರ ಕೆಲಸ. ಸ್ಪೀಕರ್ ಇಲ್ಲದೆ ತಂತಿ ಮೀಟಿದರೆ ಹೊರಟ ಶಕ್ತಿ ಹೋಗಲು ದಾರಿಯಿಲ್ಲ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ, ಅಂದರೆ ಟ್ಯೂಬ್ ಕಡೆಯ ಸುರುಳಿಯಲ್ಲಿ, ವೋಲ್ಟೇಜ್ ಸಪ್ಲೈಯನ್ನೂ ಮೀರಿ ಜಿಗಿಯುತ್ತದೆ. ಆಗ ಸುತ್ತುಗಳ ನಡುವಿನ ಇನ್ಸುಲೇಷನ್ ಒಡೆಯುತ್ತದೆ, ಇಲ್ಲವೇ ಟ್ಯೂಬ್ ಸಾಕೆಟ್‌ನ ಪಿನ್‌ಗಳ ನಡುವೆ ಕಿಡಿ ಹಾರಿ ಅಲ್ಲಿ ಕಪ್ಪು ಇಂಗಾಲದ ಗೆರೆ ಬೀಳುತ್ತದೆ. ಗೆರೆ ಬಿದ್ದ ಸಾಕೆಟ್ ಕರೆಂಟ್ ಹಾಯಿಸುತ್ತಲೇ ಇರುತ್ತದೆ, ಬದಲಿಸದೆ ವಿಧಿಯಿಲ್ಲ. ಗಿಟಾರ್‌ಗೆ ಹಾಕುವ ಶೀಲ್ಡೆಡ್ ಕೇಬಲನ್ನೇ ಸ್ಪೀಕರ್‌ಗೂ ಹಾಕಿದರೆ ಇದೇ ಪಾಡು. ಎರಡರ ಜ್ಯಾಕೂ ಒಂದೇ ಆಕಾರ, ಆದರೆ ಗಿಟಾರ್ ಕೇಬಲ್‌ನ ಒಳತಂತಿ ತೀರಾ ತೆಳು. ಜೋರಾಗಿ ನುಡಿಸುವಾಗ ಅದು ಕಾದು ಕಡಿದರೆ ಆಂಪ್‌ನ ಪಾಲಿಗೆ ಸ್ಪೀಕರ್ ಕಿತ್ತಂತೆಯೇ. ಸದ್ದಿಲ್ಲದೆ ನುಡಿಸಲೇಬೇಕಿದ್ದರೆ ಆಂಪ್‌ನ ಓಮ್‌ಗೆ ಹೊಂದುವ, ಅದರ ಪೂರ್ಣ ವಾಟ್ ತಾಳುವ ಲೋಡ್ ಬಾಕ್ಸ್ (ಸ್ಪೀಕರ್ ಬದಲಿಗೆ ಶಕ್ತಿ ಹೀರುವ ಪೆಟ್ಟಿಗೆ) ಬೇಕು. ಹೆಡ್‌ಫೋನ್ ಹಾಕಿದಾಗ ಒಳಗಿನ ಲೋಡ್‌ಗೆ ತಾನೇ ಬದಲಾಗುವ ಆಂಪ್‌ಗಳೂ ಉಂಟು, ಆದರೆ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ನಿಮ್ಮದು ಅಂಥದ್ದಲ್ಲ ಎಂದೇ ತಿಳಿಯಿರಿ.

ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು ತಿರುಗುಮುರುಗು. ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ಏನೂ ಆಗದು. ಓಮ್ ಕಡಿಮೆಯಾದರೆ ಮಾತ್ರ ತೊಂದರೆ. ಕನಿಷ್ಠ 8 ಓಮ್ ಎಂದು ಬರೆದ ಆಂಪ್‌ಗೆ 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಸೇರಿಸಿದರೆ ಅದು 4 ಓಮ್ ಆಗುತ್ತದೆ. ಕರೆಂಟ್ ಸುಮಾರು ಇಮ್ಮಡಿಯಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕಾಯುತ್ತವೆ. ರಕ್ಷಣೆ ಇದ್ದರೆ ಆಂಪ್ ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಶಾರ್ಟ್.

ಇನ್ನು ನಾದದ ಮಾತು. ಟ್ಯೂಬ್ ಮಿತಿ ಮುಟ್ಟಿದಾಗ ಅಲೆಯ ತುದಿ ದುಂಡಗಾಗುತ್ತಾ ಹೋಗುತ್ತದೆ, ಟ್ರಾನ್ಸಿಸ್ಟರ್‌ನಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ ಎನ್ನುವುದು ಸಾಮಾನ್ಯ ವಿವರಣೆ. ಪ್ರೀಆಂಪ್, ಅಂದರೆ ಆಂಪ್‌ನ ಮೊದಲ ಹಂತದಲ್ಲಿರುವ 12ಎಎಕ್ಸ್7 ಎಂಬ ಪುಟ್ಟ ಟ್ಯೂಬ್‌ನ ಮಟ್ಟಿಗೆ ಅದು ಸರಿ. ಆದರೆ ಎರಡು ಅಥವಾ ನಾಲ್ಕು ಪವರ್ ಟ್ಯೂಬ್‌ಗಳು ಅಲೆಯ ಮೇಲರ್ಧ, ಕೆಳಗರ್ಧವನ್ನು ಹಂಚಿಕೊಂಡು ದುಡಿಯುವ ಪುಶ್‌ಪುಲ್ ಹಂತ, ಅದರಲ್ಲೂ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಪಾಲೊಂದನ್ನು ಹಿಂದಕ್ಕೆ ತಂದು ತಪ್ಪು ತಿದ್ದುವ ಏರ್ಪಾಡು) ಇರುವಂಥದ್ದು, ಸಾಕಷ್ಟು ಗಡುಸಾಗಿಯೇ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಸಮಸಂಖ್ಯೆಯ ಹಾರ್ಮೋನಿಕ್‌ಗಳಿಂದ (ಮೂಲ ಸ್ವರದ ಎರಡು, ನಾಲ್ಕು ಪಟ್ಟಿನ ಸ್ವರಗಳು) ಟ್ಯೂಬ್‌ನ ನಾದ ಇಂಪು ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ: ಪುಶ್‌ಪುಲ್ ಹಂತ ತನ್ನಲ್ಲಿ ಹುಟ್ಟುವ ಸಮಸಂಖ್ಯೆಯ ಹಾರ್ಮೋನಿಕ್‌ಗಳನ್ನು ಬಹುಮಟ್ಟಿಗೆ ತಾನೇ ಅಳಿಸಿಹಾಕುತ್ತದೆ.

ಕೈಗೆ ಗೊತ್ತಾಗುವ ವ್ಯತ್ಯಾಸ ಬೇರೆ ಕಡೆ ಇದೆ. ಸ್ಪೀಕರ್‌ನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. 100 ಹರ್ಟ್ಸ್‌ನ ಆಸುಪಾಸಿನ ರೆಸೊನೆನ್ಸ್‌ನಲ್ಲಿ, ಅಂದರೆ ಸ್ಪೀಕರ್ ತಾನಾಗಿ ಕಂಪಿಸಬಯಸುವ ಸ್ವರದಲ್ಲಿ, ಅದು ಹಲವು ಪಟ್ಟು ಏರುತ್ತದೆ, ಮೇಲಿನ ಸ್ವರಗಳಲ್ಲಿ ಮತ್ತೆ ಏರುತ್ತದೆ. ಟ್ಯೂಬ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಔಟ್‌ಪುಟ್‌ನಲ್ಲಿ ಅದರದೇ ಒಳ ತಡೆ, ಹೆಚ್ಚು. ಹಾಗಾಗಿ ಅಲ್ಲೆಲ್ಲ ಅದರ ವೋಲ್ಟೇಜೂ ಏರಿ ಕೆಳಗೆ ತುಂಬು, ಮೇಲೆ ಹೊಳಪು ಸಿಗುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ ಸ್ಪೀಕರನ್ನು ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೇ ಒಣಗಿದಂತೆ ಕೇಳುತ್ತದೆ. ಆದರೆ ಕರೆಂಟ್ ಫೀಡ್‌ಬ್ಯಾಕ್ (ಸ್ಪೀಕರ್‌ನ ಕರೆಂಟ್ ಗಮನಿಸಿ ತಿದ್ದುವ ಏರ್ಪಾಡು) ಬಳಸಿ ಟ್ರಾನ್ಸಿಸ್ಟರ್‌ನಲ್ಲೂ ಇದೇ ಗುಣ ತರುವ ಆಂಪ್‌ಗಳು ಬೇಕಾದಷ್ಟಿವೆ. ಕ್ಲೀನ್ ನಾದಕ್ಕಂತೂ ರೋಲ್ಯಾಂಡ್‌ನ ಜೆಸಿ-120 ಸಾಕ್ಷಿ: 1975ರಲ್ಲಿ ಬಂದದ್ದು, ಒಂದೂ ಟ್ಯೂಬ್ ಇಲ್ಲ, 60 ವಾಟ್‌ನ ಎರಡು ಚಾನೆಲ್, 12 ಇಂಚಿನ ಎರಡು ಸ್ಪೀಕರ್. ಅದನ್ನು ಕಲಿಯುವವರ ಆಂಪ್ ಎಂದವರನ್ನು ಕಂಡಿಲ್ಲ. ಟ್ರಾನ್ಸಿಸ್ಟರ್ ಎಂದರೆ ಹಗುರ ಎಂಬ ನಂಬಿಕೆಗೂ ಅದು ಹೊರತು, 28 ಕಿಲೋ ತೂಗುತ್ತದೆ.

ಆಯ್ಕೆಯನ್ನು ನಿಜಕ್ಕೂ ನಿರ್ಧರಿಸಬೇಕಾದ್ದು ನೀವು ಎಷ್ಟು ಜೋರಾಗಿ ನುಡಿಸುತ್ತೀರಿ ಎಂಬುದು. ಟ್ಯೂಬ್ ಆಂಪ್‌ನ ಹೆಸರುವಾಸಿ ಗುಣಗಳಲ್ಲಿ ಎರಡು, ಎಂದರೆ ಪವರ್ ಟ್ಯೂಬ್‌ಗಳ ಡಿಸ್ಟಾರ್ಷನ್ (ನಾದ ಒಡೆದು ಒರಟಾಗುವುದು) ಮತ್ತು ಜೋರಾಗಿ ಮೀಟಿದಾಗ ಸಪ್ಲೈ ಕುಸಿದು ಸ್ವರ ಒಂದು ಕ್ಷಣ ಒತ್ತಿ ಮತ್ತೆ ಅರಳುವ ಸ್ಯಾಗ್, ಆಂಪನ್ನು ಪೂರ್ತಿ ದುಡಿಸಿದಾಗ ಮಾತ್ರ ಬರುವಂಥವು. ಲೆಕ್ಕ ಹಾಕಿ ನೋಡಿ. ಸಾಧಾರಣ ಗಿಟಾರ್ ಸ್ಪೀಕರ್ 1 ವಾಟ್‌ಗೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುತ್ತದೆ ಎನ್ನೋಣ. ಇಎಲ್84 ಟ್ಯೂಬ್ ಎರಡಿರುವ 15 ವಾಟ್‌ನ ಪುಟ್ಟ ಆಂಪ್ ಪೂರ್ತಿ ತೆರೆದರೆ ಸುಮಾರು 109 ಡೆಸಿಬೆಲ್. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕರ್ಧ. 109 ಡೆಸಿಬೆಲ್‌ಗೆ ಎರಡು ನಿಮಿಷವೂ ಸಿಗುವುದಿಲ್ಲ. ಒಂದೇ ಇಎಲ್84 ಇರುವ 5 ವಾಟ್‌ನ ಆಂಪ್ ಆದರೂ 104 ಡೆಸಿಬೆಲ್, ಆರೇ ನಿಮಿಷ. ಅದೇ ಸ್ಪೀಕರ್‌ನಲ್ಲಿ 85 ಡೆಸಿಬೆಲ್‌ಗೆ ಬೇಕಾಗುವುದು ವಾಟ್‌ನ ಹದಿನಾರನೇ ಒಂದು ಪಾಲು! ಮಲಗುವ ಕೋಣೆಯಲ್ಲಿ 50 ವಾಟ್‌ನ ಟ್ಯೂಬ್ ಆಂಪ್ ಇಟ್ಟವರು ಕೇಳುತ್ತಿರುವುದು 12ಎಎಕ್ಸ್7ನ ಡಿಸ್ಟಾರ್ಷನ್ ಮತ್ತು ಸ್ಪೀಕರನ್ನು ಮಾತ್ರ. ಆ ಮಟ್ಟದಲ್ಲಿ ಪವರ್ ಟ್ಯೂಬ್‌ಗಳು ಬಿಸಿಯಾಗಿ ಕೂತಿರುತ್ತವೆ, ಅಷ್ಟೇ.

ಆಂಪ್‌ಗೂ ಸ್ಪೀಕರ್‌ಗೂ ನಡುವೆ ಶಕ್ತಿ ಹೀರುವ ಅಟೆನ್ಯುಯೇಟರ್ ಹಾಕಿ ಸದ್ದು ಇಳಿಸಬಹುದು ನಿಜ. ಆದರೆ ಟ್ಯೂಬ್‌ಗಳು ಪೂರ್ತಿ ದುಡಿಯುತ್ತಲೇ ಇರುವುದರಿಂದ ಬೇಗ ಸವೆಯುತ್ತವೆ, ಸ್ಪೀಕರ್ ತನ್ನ ಪಾಲಿನ ಒರಟುತನ ಕೊಡುವುದಿಲ್ಲ, ಕಡಿಮೆ ಸದ್ದಿನಲ್ಲಿ ಕಿವಿಗೆ ಮಂದ್ರವೂ ಕಮ್ಮಿ. ಮನೆಯಲ್ಲೇ ನುಡಿಸುವವರಿಗೆ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಅಥವಾ ಬೇರೆ ಆಂಪ್‌ಗಳ ನಾದವನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲಿಂಗ್ ಆಂಪ್ ವಾಸಿ. ಡ್ರಮ್ಸ್ ಜೊತೆ ವಾರವಾರವೂ ನುಡಿಸುವವರು, ಗಿಟಾರ್‌ನ ವಾಲ್ಯೂಮ್ ತಿರುಗಿಸಿಯೇ ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಹೋಗುವ ಅಭ್ಯಾಸದವರು ಟ್ಯೂಬ್ ಕೊಂಡರೆ ಅರ್ಥವುಂಟು.

ಟ್ಯೂಬ್‌ನ ವಾಟ್ ದೊಡ್ಡದು ಎಂಬ ಮಾತೂ ಕೇಳಿಬರುತ್ತದೆ. ವಾಟ್ ಎಲ್ಲೂ ವಾಟೇ. ಟ್ಯೂಬ್ ಆಂಪನ್ನು ಬರೆದ ವಾಟ್ ಮೀರಿ ಡಿಸ್ಟಾರ್ಷನ್‌ಗೆ ತಳ್ಳಿದರೂ ಚೆನ್ನಾಗಿಯೇ ಕೇಳುತ್ತದೆ, ಟ್ರಾನ್ಸಿಸ್ಟರ್ ಆಂಪನ್ನು ಅದಕ್ಕೂ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಡ್ರಮ್ಸ್ ಜೊತೆಗೆ ಟ್ಯೂಬ್ ಆದರೆ 15ರಿಂದ 30 ವಾಟ್, ಟ್ರಾನ್ಸಿಸ್ಟರ್ ಆದರೆ 60ರಿಂದ 100 ವಾಟ್ ಎಂದು ಇಟ್ಟುಕೊಳ್ಳಿ. 50ರ ಬದಲು 100 ವಾಟ್ ಕೊಂಡರೆ ಹೆಚ್ಚುವುದು ಬರೀ 3 ಡೆಸಿಬೆಲ್. 97ರ ಬದಲು 100 ಡೆಸಿಬೆಲ್‌ನ ಸ್ಪೀಕರ್ ಹಾಕಿದರೂ ಅಷ್ಟೇ ಸಿಗುತ್ತದೆ, ಬಹಳ ಅಗ್ಗದಲ್ಲಿ.

ಇನ್ನು ರಿಪೇರಿ. ಪ್ರೀಆಂಪ್ ಟ್ಯೂಬ್ ವರ್ಷಗಟ್ಟಲೆ ಬಾಳುತ್ತದೆ. ಪವರ್ ಟ್ಯೂಬ್ ಸವೆಯುವ ವಸ್ತು, ಜೋಡಿಯಾಗಿ ಬದಲಿಸಬೇಕು. ಬಯಾಸ್ ಎಂದರೆ ನುಡಿಸದೆ ಇದ್ದಾಗಲೂ ಟ್ಯೂಬ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಿಕೆ. ಫಿಕ್ಸೆಡ್ ಬಯಾಸ್ ಆಂಪ್ ಆದರೆ (ಟ್ಯೂಬ್ ತಾನೇ ಹೊಂದಿಸಿಕೊಳ್ಳದ ಬಗೆ) ಬದಲಿಸಿದಾಗೆಲ್ಲ ಅದನ್ನು ನೋಡಲೇಬೇಕು. 6ಎಲ್6ಜಿಸಿ ಎಂಬ ಪವರ್ ಟ್ಯೂಬ್‌ನ ಪ್ಲೇಟ್ (ಒಳಗಿನ ಲೋಹದ ತಗಡು) ತಾಳುವ ಮಿತಿ 30 ವಾಟ್, ಬಯಾಸ್‌ಗೆ ಅದರ ಶೇ 70 ಅಂದರೆ 21 ವಾಟ್. ಪ್ಲೇಟ್‌ನಲ್ಲಿ 450 ವೋಲ್ಟ್ ಇದ್ದರೆ ಗರಿಷ್ಠ ಸುಮಾರು 46 ಮಿಲಿಆಂಪ್. ಇಎಲ್34 ಟ್ಯೂಬ್‌ನ ಮಿತಿ 25 ವಾಟ್, ಅದೇ ವೋಲ್ಟೇಜ್‌ಗೆ 38 ಮಿಲಿಆಂಪ್. ಟ್ಯೂಬ್‌ಗೆ ಎಲೆಕ್ಟ್ರಾನ್ ಕೊಡುವ ಕ್ಯಾಥೋಡ್‌ನಲ್ಲಿ 1 ಓಮ್ ರೆಸಿಸ್ಟರ್ ಇದ್ದರೆ ಮೀಟರ್ ತೋರಿಸುವ ಮಿಲಿವೋಲ್ಟೇ ಮಿಲಿಆಂಪ್, ಅದರಲ್ಲಿ ಸ್ಕ್ರೀನ್ ಗ್ರಿಡ್ ಎಂಬ ಟ್ಯೂಬ್‌ನ ಇನ್ನೊಂದು ಒಳಭಾಗದ ಕೆಲವು ಮಿಲಿಆಂಪ್ ಸೇರಿರುತ್ತದೆ. ಪ್ಲಗ್ ಕಿತ್ತ ಮೇಲೂ ಸಪ್ಲೈನ ವಿದ್ಯುತ್ ಶೇಖರಿಸುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದನ್ನು ಇಳಿಸಿ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಲು ಬಾರದವರು ಚಾಸಿ, ಅಂದರೆ ಆಂಪ್‌ನ ಒಳಗಿನ ಲೋಹದ ಪೆಟ್ಟಿಗೆ, ತೆರೆಯಲೇಬಾರದು. ಪವರ್ ಟ್ಯೂಬ್‌ನ ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೆ ಹೆದರಬೇಕಿಲ್ಲ. ಬೂದು ಬಣ್ಣದ ಪ್ಲೇಟೇ ಕೆಂಪಗೆ ಕಾದರೆ ಆ ಕ್ಷಣ ಆಫ್ ಮಾಡಿ: ಬಯಾಸ್ ಹೋಗಿದೆ, ಹಿಂದಿನ ಹಂತದ ಡಿಸಿ ತಡೆಯುವ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗಿದೆ, ಇಲ್ಲವೇ ಟ್ಯೂಬ್ ಕೆಟ್ಟಿದೆ. ಸಿಗುವಿಕೆಯನ್ನೂ ಯೋಚಿಸಿ. ಟ್ಯೂಬ್ ಮಾಡುವ ಕಾರ್ಖಾನೆಗಳು ರಷ್ಯಾ, ಸ್ಲೊವಾಕಿಯಾ, ಚೀನಾ ಎಂದು ಬೆರಳೆಣಿಕೆಯವು. 2022ರಲ್ಲಿ ರಷ್ಯಾದ ರಫ್ತು ನಿಷೇಧದ ಸುದ್ದಿ ಬಂದೊಡನೆ ಎಲ್ಲೆಡೆ ಬೆಲೆ ಏರಿತ್ತು.

ಟ್ರಾನ್ಸಿಸ್ಟರ್ ಆಂಪ್‌ಗೆ ಈ ನಿತ್ಯದ ಖರ್ಚಿಲ್ಲ. ಆದರೆ ಕೆಟ್ಟರೆ ಒಮ್ಮೆಲೇ ಕೆಡುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಸಪ್ಲೈನ ಡಿಸಿ ನೇರ ಸ್ಪೀಕರ್‌ಗೆ ಹೋಗಿ ಅದರ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಸುಡುತ್ತದೆ. ರಿಪೇರಿ ಆದ ಮೇಲೆ ಸ್ಪೀಕರ್ ಸೇರಿಸುವ ಮುಂಚೆ ಔಟ್‌ಪುಟ್‌ನ ಡಿಸಿ ಅಳೆಯಿರಿ, 50 ಮಿಲಿವೋಲ್ಟ್ ಒಳಗಿರಲಿ. ಹಳೆಯ ಆಂಪ್‌ಗಳ ಟ್ರಾನ್ಸಿಸ್ಟರನ್ನು ಯಾವ ಮೆಕ್ಯಾನಿಕ್ ಬೇಕಾದರೂ ಬದಲಿಸಬಲ್ಲ. ಈಗಿನ ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ಅತಿ ವೇಗದಲ್ಲಿ ಆನ್-ಆಫ್ ಮಾಡುವ ಬಗೆ) ಬೋರ್ಡ್‌ಗಳಲ್ಲಿ ಸಾಸಿವೆ ಕಾಳಿನಷ್ಟು ಬಿಡಿಭಾಗಗಳು, ಹಾಗಾಗಿ ಬಹುತೇಕ ಪೂರ್ತಿ ಬೋರ್ಡನ್ನೇ ಎಸೆಯಬೇಕಾಗುತ್ತದೆ. ಮುಂದೆ ಒಂದು 12ಎಎಕ್ಸ್7, ಹಿಂದೆ ಟ್ರಾನ್ಸಿಸ್ಟರ್ ಇರುವ ಹೈಬ್ರಿಡ್‌ಗಳೂ ಇವೆ. ಕಿಟಕಿಯಲ್ಲಿ ಹೊಳೆಯುವ ಟ್ಯೂಬ್ ನೋಡಿ ಕೊಳ್ಳಬೇಡಿ, ಕಿವಿಗೆ ಹಿಡಿಸಿದರೆ ಕೊಳ್ಳಿ.

ಹಳೆಯ ಆಂಪ್ ಕೊಳ್ಳುವವರು ನಿಮ್ಮದೇ ಗಿಟಾರ್ ಒಯ್ದು, ಮನೆಯಲ್ಲಿ ಇಡುವಷ್ಟೇ ವಾಲ್ಯೂಮ್‌ನಲ್ಲಿ ಮೊದಲು ನುಡಿಸಿ. ಆಮೇಲೆ ಜೋರಾಗಿ, ಅರ್ಧ ಗಂಟೆಯಾದರೂ. ಬಿಸಿಯಾದ ಮೇಲೆ ಸದ್ದು ಕುಗ್ಗುವುದು, ಚಟಪಟ ಎನ್ನುವುದು ಐದು ನಿಮಿಷದಲ್ಲಿ ಕಾಣಿಸದು. ಗಿಟಾರ್ ಕಿತ್ತು, ಎಲ್ಲ ವಾಲ್ಯೂಮ್ ಸೊನ್ನೆಗಿಟ್ಟು ಹಮ್, ಅಂದರೆ ಗುಂಯ್ ಎನ್ನುವ ಸದ್ದು, ಕೇಳಿ. ಮೇನ್ಸ್ 50 ಹರ್ಟ್ಸ್ ಇರುವಲ್ಲಿ ಹಮ್ 100 ಹರ್ಟ್ಸ್‌ನದ್ದಾದರೆ ಫಿಲ್ಟರ್ ಕೆಪಾಸಿಟರ್ ಒಣಗಿರುವ ಅಥವಾ ಪವರ್ ಟ್ಯೂಬ್‌ಗಳ ಜೋಡಿ ತಪ್ಪಿರುವ ಶಂಕೆ. 50 ಹರ್ಟ್ಸ್‌ನದ್ದಾದರೆ ಗ್ರೌಂಡ್ ಅಥವಾ ಹೀಟರ್ (ಟ್ಯೂಬನ್ನು ಒಳಗಿಂದ ಕಾಯಿಸುವ ತಂತಿ) ವೈರಿಂಗ್ ನೋಡಿಸಿ. ಟ್ಯೂಬ್ ಆಂಪ್ ಆದರೆ ವಾಲ್ಯೂಮ್ ಅರ್ಧಕ್ಕಿಟ್ಟು ಪ್ರೀಆಂಪ್ ಟ್ಯೂಬ್‌ಗಳನ್ನು ಪೆನ್ಸಿಲ್ ತುದಿಯಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ. ಸಣ್ಣ ಟಪ್ ಸದ್ದು ಸಹಜ, ಘಂಟೆಯಂತೆ ಅನುರಣಿಸಿದರೆ ಅಥವಾ ಕೀರಲು ಎದ್ದರೆ ಆ ಟ್ಯೂಬ್ ಮೈಕ್ರೋಫೋನಿಕ್ ಆಗಿದೆ. ಅದೊಂದನ್ನು ಬದಲಿಸಿದರೆ ಸಾಕು, ಪ್ರೀಆಂಪ್ ಟ್ಯೂಬ್‌ಗೆ ಬಯಾಸ್ ಹೊಂದಿಸುವ ಗೊಡವೆ ಇಲ್ಲ. ಫ್ಯೂಸನ್ನು ತೆಗೆಸಿ ನೋಡುವುದನ್ನು ಮರೆಯಬೇಡಿ. ಹಿಂಬದಿಯಲ್ಲಿ ಬರೆದದ್ದಕ್ಕಿಂತ ದೊಡ್ಡ ಫ್ಯೂಸ್ ಹಾಕಿದ್ದರೆ ಮಾಲೀಕರು ಯಾವುದೋ ದೋಷವನ್ನು ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ.

ಇತಿ,
ಆಂಪ್ ದುರಸ್ತಿ ಬಲ್ಲ ಓದುಗ